ಮಕ್ಕಳ ಕರುಳಿನ ಉರಿಯೂತವೂ ನಮ್ಮ ಉದಾಸೀನವೂ

ನಮ್ಮ ಸಂಘದ ವಾರ್ಷಿಕ ಸ್ಮರಣ ಸಂಚಿಕೆಯಲ್ಲಿ ಆರೋಗ್ಯವನ್ನು ಕುರಿತ ಲೇಖನಗಳು ತಪ್ಪದೆ ಪ್ರಕಟವಾಗುತ್ತ ಬಂದಿವೆ. ರಕ್ತದ ಒತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗ, ಮಂಡಿನೋವು ಇವೆಲ್ಲ ನಡುವಯಸ್ಸಿನವರನ್ನು ಕಾಡುವ ವ್ಯಾಧಿಗಳು. ಚಂದಾ ಕೊಡುವವರೂ ಓದುವವರೂ ನಾವೇ ಆದುದರಿಂದ ಅವುಗಳಿಗೆ ಅಗ್ರಸ್ಥಾನ ದೊರೆತಿರುವುದು ಸಹಜವೇ. ಆದರೆ ಮಕ್ಕಳಿಗೂ ವರ್ಷಗಟ್ಟಲೆ ಬಿಡದ ಕಾಯಿಲೆಗಳಿರುತ್ತವೆಂಬುದನ್ನು ನಾವು ಮರೆತಂತಿದೆ. ಅಂಥದೊಂದನ್ನು ಕುರಿತು ನಾಲ್ಕು ಮಾತು ಬರೆಯಲು ಸಂಪಾದಕ ಮಿತ್ರರಲ್ಲಿ ನಾನೇ ಅವಕಾಶ ಕೇಳಿಕೊಂಡೆ.

ನಾನು ವೈದ್ಯನಲ್ಲ. ವಾಣಿಜ್ಯಶಾಸ್ತ್ರದಲ್ಲಿ ಪದವಿ ಪಡೆದು ಇಪ್ಪತ್ತು ವರ್ಷಗಳಿಂದ ಬ್ಯಾಂಕಿನಲ್ಲಿ ದುಡಿಯುತ್ತಿರುವವನು. ಡೊಂಬಿವಲಿಯಲ್ಲಿರುವ ನನ್ನ ತಂಗಿಯ ಮಗನಿಗೆ ನಾಲ್ಕು ವರ್ಷಗಳ ಹಿಂದೆ ಈ ಕಾಯಿಲೆ ಇದೆಯೆಂದು ಗೊತ್ತಾದಂದಿನಿಂದ ಅವನ ಕಡತವನ್ನು ಹಿಡಿದು ಆಸ್ಪತ್ರೆಗಳಿಗೆ ಅಲೆದವರಲ್ಲಿ ನಾನೂ ಒಬ್ಬ. ಯಾವ ಔಷಧಿ ಕೊಡಬೇಕೆಂದು ಹೇಳುವ ಅಧಿಕಾರ ನನಗಿಲ್ಲ. ಅದು ಚಿಕಿತ್ಸೆ ಮಾಡುವ ವೈದ್ಯರಿಗೆ ಬಿಟ್ಟದ್ದು. ತಡವಾದರೆ ಏನು ನಷ್ಟವಾಗುತ್ತದೆಂಬ ಲೆಕ್ಕವನ್ನಷ್ಟೇ ಇಲ್ಲಿ ಒಪ್ಪಿಸುತ್ತಿದ್ದೇನೆ.

ಐ.ಬಿ.ಡಿ. ಎಂಬ ಮೂರಕ್ಷರದಿಂದ ವೈದ್ಯರು ಕರೆಯುವ ಈ ವ್ಯಾಧಿಯನ್ನು ಕನ್ನಡದಲ್ಲಿ ಕರುಳಿನ ಉರಿಯೂತವೆನ್ನಬಹುದು. ಪರೀಕ್ಷೆಯ ಭಯಕ್ಕೆ ಹೊಟ್ಟೆ ಕೆಡುವ ಐ.ಬಿ.ಎಸ್. ಎಂಬ ತೊಂದರೆ ಬೇರೆ; ಅದರಲ್ಲಿ ಕರುಳಿಗೆ ಗಾಯವಿರುವುದಿಲ್ಲ. ಒಂದಕ್ಷರದ ವ್ಯತ್ಯಾಸವಾದರೂ ಎರಡನ್ನೂ ಒಂದೇ ಎಂದುಕೊಂಡು ನಿಶ್ಚಿಂತರಾದವರನ್ನು ಕಂಡಿದ್ದೇನೆ. ಉರಿಯೂತದ ಈ ಕಾಯಿಲೆಯಲ್ಲಿ ಮುಖ್ಯವಾಗಿ ಎರಡು ಬಗೆ. ಅಲ್ಸರೇಟಿವ್ ಕೊಲೈಟಿಸ್ ಎಂಬುದು ದೊಡ್ಡ ಕರುಳಿಗೆ ಮಾತ್ರ ಸೀಮಿತವಾದದ್ದು. ಅದರ ಒಳಪದರದಲ್ಲಿ ಹುಣ್ಣುಗಳೆದ್ದು ರಕ್ತ, ಲೋಳೆ ಬೀಳುತ್ತವೆ. ಕ್ರೋನ್ ಕಾಯಿಲೆ ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು. ಒಂದು ಕಡೆ ಹುಣ್ಣು, ಮುಂದೆ ಒಂದು ಗೇಣು ಆರೋಗ್ಯವಾದ ಕರುಳು, ಮತ್ತೆ ಹುಣ್ಣು, ಹೀಗೆ ಬಿಟ್ಟುಬಿಟ್ಟು ಬರುತ್ತದೆ. ಕರುಳಿನ ಗೋಡೆಯ ಪೂರ್ಣ ದಪ್ಪವನ್ನು ಅದು ಕೊರೆಯುತ್ತ ಹೋಗುವುದರಿಂದ ಅದರ ಹಾನಿ ಹೆಚ್ಚು ಆಳವಾದದ್ದು.

ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಬರ್ರಿಲ್ ಕ್ರೋನ್, ಲಿಯಾನ್ ಗಿನ್ಸ್‌ಬರ್ಗ್ ಮತ್ತು ಗಾರ್ಡನ್ ಓಪನ್‌ಹೈಮರ್ ಎಂಬ ಮೂವರು 1932ರಲ್ಲಿ ಇದನ್ನು ಕುರಿತು ಒಟ್ಟಾಗಿ ಲೇಖನ ಪ್ರಕಟಿಸಿದರು. ಹೆಸರುಗಳನ್ನು ಅಕ್ಷರಾನುಕ್ರಮದಲ್ಲಿ ಅಚ್ಚುಮಾಡಿದುದರಿಂದ ಕ್ರೋನ್ ಮೊದಲಿಗರಾದರು. ಕಾಯಿಲೆಗೂ ಅವರ ಹೆಸರೇ ನಿಂತಿತು. ಜಂಟಿ ಖಾತೆಯಲ್ಲಿ ಮೊದಲ ಹೆಸರಿನವರಿಗೇ ಎಲ್ಲ ಪತ್ರಗಳೂ ಹೋಗುವಂತೆ! ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಕೆನೆಡಿ ಡಾಲ್ಜೀಲ್ ಇಂಥದೇ ರೋಗಿಗಳನ್ನು 1913ರಲ್ಲಿಯೇ ವರ್ಣಿಸಿದ್ದರು.

ಇದು ಅಂಟುರೋಗವಲ್ಲ. ಹೋಟೆಲಿನ ತಿಂಡಿಯಿಂದಾಗಲಿ, ಕೊಳಾಯಿಯ ನೀರಿನಿಂದಾಗಲಿ ನೇರವಾಗಿ ಬರುವಂಥದೂ ಅಲ್ಲ. ನಮ್ಮೆಲ್ಲರ ಕರುಳಿನಲ್ಲಿಯೂ ಕೋಟ್ಯಂತರ ಸೂಕ್ಷ್ಮಜೀವಿಗಳು ನಿರುಪದ್ರವಿಗಳಾಗಿ ವಾಸವಾಗಿರುತ್ತವೆ. ಕೆಲವರ ದೇಹದ ರಕ್ಷಣಾವ್ಯವಸ್ಥೆ ಇವುಗಳನ್ನೇ ಶತ್ರುಗಳೆಂದು ಬಗೆದು ಯುದ್ಧಕ್ಕೆ ನಿಲ್ಲುತ್ತದೆ. ಆ ಯುದ್ಧ ನಿಲ್ಲದೆ ಸುಡುವುದು ಸ್ವಂತ ಕರುಳನ್ನೇ. ಹುಟ್ಟಿನಿಂದ ಬಂದ ವಂಶವಾಹಿಗಳ ಪಾತ್ರ ಸ್ವಲ್ಪ, ಬೆಳೆದ ಪರಿಸರದ ಪಾತ್ರ ಸ್ವಲ್ಪ. ಇದು ಬಿಳಿಯರ ರೋಗವೆಂಬ ನಂಬಿಕೆ ಬಹುಕಾಲ ನಮ್ಮಲ್ಲಿತ್ತು. ಪಂಜಾಬಿನಲ್ಲಿ ಮನೆಮನೆಗೆ ಹೋಗಿ ನಡೆಸಿ 2003ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ ಲಕ್ಷಕ್ಕೆ ಸುಮಾರು 44 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಇರುವುದು ಕಂಡುಬಂದಮೇಲೆ ಆ ನಂಬಿಕೆ ಸಡಿಲವಾಯಿತು. ಊರು ಬಿಟ್ಟು ಬಂದವರಾದ ನಮಗೆ ಇನ್ನೊಂದು ಅಧ್ಯಯನ ಹೆಚ್ಚು ಯೋಚನೆಗೆ ಈಡುಮಾಡಬೇಕು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ನೆಲೆಸಿದ ದಕ್ಷಿಣ ಏಷ್ಯ ಮೂಲದ ಕುಟುಂಬಗಳ ಮಕ್ಕಳಲ್ಲಿ ಈ ಕಾಯಿಲೆ ವರ್ಷಕ್ಕೆ ಲಕ್ಷಕ್ಕೆ ಸುಮಾರು 15ರಂತೆ ಹೊಸದಾಗಿ ಕಾಣಿಸಿಕೊಂಡರೆ, ಅಲ್ಲಿನ ಉಳಿದ ಮಕ್ಕಳಲ್ಲಿ ಅದು ಸುಮಾರು 5 ಎಂದು 2007ರಲ್ಲಿ ಪ್ರಕಟವಾದ ವರದಿ ತಿಳಿಸಿತು. ಇದನ್ನೇ ಆಧಾರ ಮಾಡಿಕೊಂಡು ಮುಂಬಯಿಗೆ ಬಂದುದೇ ಕಾರಣವೆಂದು ಯಾರೂ ಹೇಳಬಾರದು. ನಮ್ಮ ರಕ್ತಕ್ಕೆ ಈ ಕಾಯಿಲೆ ಬರಲಾರದೆಂಬ ಧೈರ್ಯವೂ ನಮಗಿರಬಾರದು, ಅಷ್ಟೆ.

ಈ ವ್ಯಾಧಿಯ ಎಲ್ಲ ರೋಗಿಗಳಲ್ಲಿ ನಾಲ್ಕರಲ್ಲೊಂದು ಪಾಲು ಇಪ್ಪತ್ತು ವರ್ಷ ತುಂಬುವ ಮೊದಲೇ ರೋಗಕ್ಕೆ ತುತ್ತಾಗುತ್ತಾರೆಂದು ವೈದ್ಯಗ್ರಂಥಗಳು ಹೇಳುತ್ತವೆ. ಮಕ್ಕಳಲ್ಲಿ ಹತ್ತರಿಂದ ಹದಿನೇಳರವರೆಗಿನ ವಯಸ್ಸಿನವರೇ ಹೆಚ್ಚು. ಆರು ವರ್ಷಕ್ಕಿಂತ ಮೊದಲು ಬಂದರೆ ಅದನ್ನು ಪ್ರತ್ಯೇಕ ವರ್ಗವೆಂದೇ ಎಣಿಸುತ್ತಾರೆ. ಎರಡು ವರ್ಷದೊಳಗಿನ ಕೂಸಿಗೆ ಬಂದರೆ ಯಾವುದೋ ಒಂದೇ ವಂಶವಾಹಿಯ ದೋಷವಿರಬಹುದೆಂದು ಅದರ ಪರೀಕ್ಷೆಯನ್ನೂ ಮಾಡಿಸುತ್ತಾರೆ. ಮಕ್ಕಳ ಕಾಯಿಲೆ ದೊಡ್ಡವರ ಕಾಯಿಲೆಯ ಸಣ್ಣ ಪ್ರತಿಯಲ್ಲ. ಕೊಲೈಟಿಸ್ ಬಂದ ವಯಸ್ಕರಲ್ಲಿ ಅನೇಕರಿಗೆ ಕರುಳಿನ ಕೊನೆಯ ಭಾಗವಷ್ಟೇ ಕೆಟ್ಟಿದ್ದರೆ, ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಮಂದಿಗೆ ಪತ್ತೆಯಾಗುವ ಹೊತ್ತಿಗೆ ಹೆಚ್ಚುಕಡಿಮೆ ಇಡೀ ದೊಡ್ಡ ಕರುಳೇ ಉರಿಯುತ್ತಿರುತ್ತದೆ. ಎಲ್ಲಕ್ಕಿಂತ ಮುಖ್ಯವಾದುದೆಂದರೆ ದೊಡ್ಡವರು ಬೆಳೆದು ಮುಗಿಸಿರುತ್ತಾರೆ. ಮಕ್ಕಳು ಇನ್ನೂ ಬೆಳೆಯಬೇಕಾಗಿದೆ.

ನಾನು ಒತ್ತಿ ಹೇಳಬೇಕೆಂದಿರುವುದು ಈ ಬೆಳವಣಿಗೆಯ ಮಾತನ್ನೇ. ಕ್ರೋನ್ ಕಾಯಿಲೆಯಲ್ಲಿ ಹೊಟ್ಟೆನೋವು, ಭೇದಿ ಮುಂತಾದ ಲಕ್ಷಣಗಳು ಸ್ಪಷ್ಟವಾಗುವ ಎಷ್ಟೋ ತಿಂಗಳು ಮುಂಚೆ, ಕೆಲವೊಮ್ಮೆ ವರ್ಷಗಳೇ ಮುಂಚೆ, ಮಗುವಿನ ಎತ್ತರ ಏರುವುದು ನಿಧಾನವಾಗುತ್ತದೆ. ಬೇರೆ ಬೇರೆ ದೇಶಗಳ ಅಧ್ಯಯನಗಳ ಪ್ರಕಾರ ಪತ್ತೆಯಾಗುವ ವೇಳೆಗೆ ಶೇಕಡ 10ರಿಂದ 40ರಷ್ಟು ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾಗಿರುತ್ತದೆ. ಹೊಟ್ಟೆಗೆ ಸೇರದಿರುವುದು ಒಂದು ಕಾರಣ. ತಿಂದರೆ ನೋಯುತ್ತದೆಂದು ಮಗು ತಾನಾಗಿಯೇ ಊಟ ಕಡಿಮೆ ಮಾಡುತ್ತದೆ. ಆದರೆ ಅದೊಂದೇ ಅಲ್ಲ. ಉರಿಯುವ ಕರುಳಿನಿಂದ ರಕ್ತಕ್ಕೆ ಸೇರುವ ಕೆಲವು ರಾಸಾಯನಿಕ ವಸ್ತುಗಳು, ಎಲುಬನ್ನು ಉದ್ದ ಮಾಡಬೇಕಾದ ಹಾರ್ಮೋನಿನ ಕೆಲಸವನ್ನೇ ತಡೆಹಿಡಿಯುತ್ತವೆ. ಆದುದರಿಂದ ಬಾದಾಮಿ, ತುಪ್ಪ, ಜಾಹೀರಾತಿನ ಪೌಷ್ಟಿಕ ಪುಡಿ ಏನನ್ನು ಕೊಟ್ಟರೂ ಉರಿ ಆರದ ಹೊರತು ಮಗು ಉದ್ದವಾಗದು. ಹದಿಹರೆಯ ಮುಗಿದು ಎಲುಬಿನ ತುದಿಗಳು ಒಂದಾಗಿ ಬೆಸೆದುಕೊಂಡಮೇಲೆ ಯಾವ ಔಷಧಿಯಿಂದಲೂ ಕಳೆದುಹೋದ ಎತ್ತರ ಹಿಂದಿರುಗದು.

ನಾಲ್ಕು ವರ್ಷ ತುಂಬಿದಮೇಲೆ, ಹರೆಯದ ಹೊಸ್ತಿಲವರೆಗೆ, ಆರೋಗ್ಯವಂತ ಮಗು ವರ್ಷಕ್ಕೆ 5ರಿಂದ 6 ಸೆಂಟಿಮೀಟರು ಬೆಳೆಯುತ್ತದೆ. 4ಕ್ಕಿಂತ ಕಡಿಮೆಯಾದರೆ ಏಕೆಂದು ಕೇಳಬೇಕು. ನನ್ನ ಸೋದರಳಿಯನ ಶಾಲೆಯ ಆರೋಗ್ಯಚೀಟಿಯಲ್ಲಿ ಪ್ರತಿ ಜೂನ್ ತಿಂಗಳೂ ಎತ್ತರ ತೂಕಗಳನ್ನು ಬರೆದಿಡುತ್ತಿದ್ದರು. ಒಂಬತ್ತನೆಯ ವಯಸ್ಸಿನಲ್ಲಿ 128 ಸೆಂಟಿಮೀಟರು ಇದ್ದವನು ಹನ್ನೊಂದೂವರೆಗೆ 133 ಆಗಿದ್ದ. ಎರಡೂವರೆ ವರ್ಷಕ್ಕೆ ಐದು ಸೆಂಟಿಮೀಟರು! ಅಂಕಿಗಳು ಒಂದರ ಕೆಳಗೊಂದು ನೀಟಾಗಿ ಕುಳಿತಿದ್ದವು. ಒಂದರಿಂದ ಇನ್ನೊಂದನ್ನು ಕಳೆದು ನೋಡಿದವರು ಶಾಲೆಯಲ್ಲಿಯೂ ಇಲ್ಲ, ತಿಂಗಳಿಗೊಮ್ಮೆ ಔಷಧಿ ಬರೆಯುತ್ತಿದ್ದ ಚಿಕಿತ್ಸಾಲಯದಲ್ಲಿಯೂ ಇಲ್ಲ. ಸಾಲದ ಕಂತು ತೊಂಬತ್ತು ದಿನ ಬಾರದಿದ್ದರೆ ಆ ಖಾತೆಯನ್ನು ಅನುತ್ಪಾದಕವೆಂದು ಗುರುತಿಸಲೇಬೇಕೆಂಬ ನಿಯಮ ನಮ್ಮ ಬ್ಯಾಂಕುಗಳಲ್ಲಿದೆ. ಮಗುವೊಂದು ಎರಡು ವರ್ಷ ಸುಸ್ತಿಯಾದರೂ ನೋಟೀಸು ಕೊಡುವವರಿಲ್ಲ.

ಮೊದಲು ಗಮನಿಸಿದವರು ಊರಿನಲ್ಲಿದ್ದ ನಮ್ಮ ಅಮ್ಮ. ಮೇ ತಿಂಗಳ ರಜೆಗೆ ಹೋದಾಗ, "ಹೋದ ವರ್ಷ ನಾನು ಹೊಲಿಸಿದ ಚಡ್ಡಿ ಇನ್ನೂ ಸರಿಹೋಗುತ್ತದಲ್ಲೇ ಇವನಿಗೆ" ಎಂದರು. ಬಟ್ಟೆ ಜೋಪಾನವಾಗಿ ಇಟ್ಟುಕೊಂಡಿದ್ದಾನೆಂದು ನನ್ನ ತಂಗಿ ಹೆಮ್ಮೆಪಟ್ಟಳು. ನಗರದಲ್ಲಿ ದಿನವೂ ನೋಡುವ ಕಣ್ಣಿಗೆ ಮಗು ಬೆಳೆಯುತ್ತಿರುವುದೂ ಕಾಣದು, ಬೆಳೆಯದಿರುವುದೂ ಕಾಣದು. ವರ್ಷಕ್ಕೊಮ್ಮೆ ನೋಡುವ ಅಜ್ಜಿಯ ಕಣ್ಣು ಒಂದು ಬಗೆಯ ವಾರ್ಷಿಕ ತಪಾಸಣೆಯೇ ಸರಿ. ಊರಿಗೆ ಹೋಗುವುದು ಎರಡು ಮೂರು ವರ್ಷಕ್ಕೊಮ್ಮೆಯಾಗಿರುವ ಈ ದಿನಗಳಲ್ಲಿ ಆ ತಪಾಸಣೆಯೂ ತಪ್ಪುತ್ತಿದೆ.

ಇನ್ನು ಈ ಕಾಯಿಲೆ ಮುಂದುವರಿಯುವ ಕ್ರಮವನ್ನು ತಿಳಿಯಬೇಕು. ಇದು ಒಂದೇ ಸಮನೆ ಏರುವ ಜ್ವರದಂತಲ್ಲ. ಕೆಲವು ವಾರ ಕೆರಳಿ, ತಾನಾಗಿಯೋ ಔಷಧಿಯಿಂದಲೋ ತಣ್ಣಗಾಗಿ, ಮತ್ತೆ ಕೆರಳುತ್ತದೆ. ತಣ್ಣಗಿರುವ ಅವಧಿಯಲ್ಲಿ ಮಗು ಓಡಿಯಾಡಿಕೊಂಡಿರುತ್ತದೆ. ಗುಣವಾಯಿತೆಂದು ನಾವು ಹರಕೆ ತೀರಿಸುತ್ತೇವೆ. ಒಳಗೆ ಮಾತ್ರ ಕೆಲಸ ನಡೆದೇ ಇರುತ್ತದೆ. ಕ್ರೋನ್ ಕಾಯಿಲೆ ಪತ್ತೆಯಾದಾಗ ಬಹುತೇಕ ಮಕ್ಕಳಲ್ಲಿ ಇರುವುದು ಬರಿಯ ಉರಿಯೂತ. ಔಷಧಿಯಿಂದ ಆರಿಸಬಹುದಾದ ಹಂತ ಅದು. ಹಲವು ಸಲ ಉರಿದು ಆರಿದ ಜಾಗದಲ್ಲಿ ಗಾಯದ ಕಲೆ ದಪ್ಪವಾಗಿ ಕರುಳಿನ ದಾರಿ ಕಿರಿದಾಗುತ್ತದೆ. ಊಟವಾದಮೇಲೆ ಹೊಟ್ಟೆ ಉಬ್ಬರಿಸಿ, ನುಲಿದು, ವಾಂತಿಯಾಗುವುದು ಈ ಹಂತದ ಲಕ್ಷಣ. ಇನ್ನು ಕೆಲವರಲ್ಲಿ ಹುಣ್ಣು ಗೋಡೆಯನ್ನು ತೂತುಮಾಡಿಕೊಂಡು ಪಕ್ಕದ ಕರುಳಿಗೋ, ಮೂತ್ರಕೋಶಕ್ಕೋ, ಹೊರಗಿನ ಚರ್ಮಕ್ಕೋ ಸುರಂಗ ತೋಡುತ್ತದೆ, ಕೀವು ಕಟ್ಟುತ್ತದೆ. ಗುದದ್ವಾರದ ಬಳಿ ಭಗಂದರವಾಗಿ ಕಾಣಿಸಿಕೊಳ್ಳುವುದೂ ಇದೇ. ಕಿರಿದಾದ ದಾರಿಯನ್ನು ಮಾತ್ರೆಯಿಂದ ಅಗಲ ಮಾಡುವುದು ಕಷ್ಟ. ಕತ್ತರಿಸಿ ತೆಗೆಯಬೇಕಾಗಬಹುದು, ತೆಗೆದು ಜೋಡಿಸಿದ ಜಾಗದ ಆಸುಪಾಸಿನಲ್ಲಿಯೇ ಮತ್ತೆ ತಲೆಯೆತ್ತುವುದು ಈ ಕಾಯಿಲೆಯ ಸ್ವಭಾವ. ಅಸಲಿನ ಮೇಲಿನ ಬಡ್ಡಿಯನ್ನು ಆಗಾಗ ಕಟ್ಟದೆ ಬಿಟ್ಟರೆ ಬಡ್ಡಿಯೇ ಅಸಲಾಗುವ ಚಕ್ರಬಡ್ಡಿಯ ಲೆಕ್ಕ ಇಲ್ಲಿಗೂ ಹೊಂದುತ್ತದೆ.

ಕೊಲೈಟಿಸ್ ಸಾಗುವ ದಾರಿ ಬೇರೆ. ಒಮ್ಮೊಮ್ಮೆ ಅದು ತೀವ್ರವಾಗಿ ಕೆರಳಿ, ದಿನಕ್ಕೆ ಹತ್ತಾರು ಸಲ ರಕ್ತ ಬಿದ್ದು, ಮಗುವನ್ನು ಕೂಡಲೇ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ. ಅಲ್ಲಿ ರಕ್ತನಾಳದ ಮೂಲಕ ಸ್ಟೀರಾಯ್ಡ್ ಕೊಟ್ಟು ಮೂರನೆಯ ದಿನ, ಐದನೆಯ ದಿನ ಅಳೆದು ನೋಡುತ್ತಾರೆ. ಇಳಿಯದಿದ್ದರೆ ಕಾಯುತ್ತ ಕೂರದೆ ಮುಂದಿನ ಔಷಧಿಗೆ ಅಥವಾ ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಾರೆ. ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್ ಎಂಬ ವೈದ್ಯರು ಕಾರ್ಟಿಸೋನಿನ ಪ್ರಯೋಜನವನ್ನು 1955ರಲ್ಲಿ ಕ್ರಮಬದ್ಧವಾಗಿ ತೋರಿಸಿಕೊಡುವ ಮೊದಲು ಇಂಥ ಕೆರಳಿಕೆಯಲ್ಲಿ ಎಷ್ಟೋ ಮಂದಿ ಪ್ರಾಣ ಕಳೆದುಕೊಳ್ಳುತ್ತಿದ್ದರು. ದೊಡ್ಡ ಕರುಳಿನ ಬಹುಭಾಗ ವರ್ಷಗಟ್ಟಲೆ ಉರಿದರೆ ಮುಂದೆ ಅಲ್ಲಿ ಕ್ಯಾನ್ಸರಿನ ಸಂಭವ ಹೆಚ್ಚುವುದರಿಂದ, ಎಂಟು ಹತ್ತು ವರ್ಷ ಕಳೆದಮೇಲೆ ಆಗಾಗ ದುರ್ಬೀನಿನ ಪರೀಕ್ಷೆ ಮಾಡಿಸುತ್ತಿರಬೇಕು. ಹತ್ತನೆಯ ವಯಸ್ಸಿಗೆ ಕಾಯಿಲೆ ಬಂದವನಿಗೆ ಕಾಲೇಜಿನಲ್ಲಿರುವಾಗಲೇ ಆ ಗಡುವು ಬಂದುಬಿಡುತ್ತದೆ.

ಇಷ್ಟಾದರೂ ತಡವೇಕಾಗುತ್ತದೆ? ನಮ್ಮ ಮನೆಗಳಲ್ಲಿ ಹೊಟ್ಟೆಯ ಎಲ್ಲ ತೊಂದರೆಗೂ ಉತ್ತರ ಸಿದ್ಧವಾಗಿರುತ್ತದೆ. ಭೇದಿಯಾದರೆ ನಗರದ ನೀರು, ರಕ್ತ ಕಂಡರೆ ಉಷ್ಣ ಅಥವಾ ಮೂಲವ್ಯಾಧಿ, ಹೊಟ್ಟೆನೋವಾದರೆ ಶಾಲೆಗೆ ಹೋಗದಿರುವ ನೆಪ, ಬಡಕಲಾದರೆ "ಅವರಪ್ಪನೂ ಹೀಗೆಯೇ ಇದ್ದರು". ಔಷಧಿ ಅಂಗಡಿಯಲ್ಲಿ ಆಮಶಂಕೆಯ ಮಾತ್ರೆ ಚೀಟಿಯಿಲ್ಲದೆ ಸಿಗುತ್ತದೆ. ನನ್ನ ಸೋದರಳಿಯನಿಗೆ ಅದನ್ನು ಐದು ಸಲ ಕೊಡಲಾಗಿತ್ತು. ಐದು ಸಲವೂ ಎಂಟು ದಿನ ಮೇಲೆನಿಸಿ ಮತ್ತೆ ಮೊದಲಿನಂತೆಯೇ ಆಯಿತು.

ಆಮೇಲೆ ಬಂದದ್ದು ಕ್ಷಯದ ಸಂಶಯ. ಇದರಲ್ಲಿ ವೈದ್ಯರನ್ನು ದೂರುವುದು ಪೂರ್ಣ ನ್ಯಾಯವಲ್ಲ. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಇದೆ; ಅದೂ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗವನ್ನೇ ಹಿಡಿಯುತ್ತದೆ; ಜ್ವರ, ತೂಕ ಇಳಿಯುವುದು ಎರಡರಲ್ಲಿಯೂ ಸಮಾನ; ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಒಮ್ಮೊಮ್ಮೆ ಬೇರೆಯಾಗಿ ಗುರುತಿಸಲಾಗದು. ಕ್ಷಯವನ್ನು ಕ್ರೋನ್ ಎಂದು ತಿಳಿದು ರಕ್ಷಣಾಶಕ್ತಿ ಕುಗ್ಗಿಸುವ ಮದ್ದು ಕೊಟ್ಟರೆ ಪ್ರಾಣಕ್ಕೇ ಅಪಾಯ. ಹೀಗಾಗಿ ಸಂಶಯ ತೀರದಿದ್ದಲ್ಲಿ ಮೊದಲು ಕ್ಷಯದ ಔಷಧಿ ಕೊಟ್ಟು ನೋಡುವ ಪದ್ಧತಿಯಿದೆ. ಆದರೆ ಎರಡು ತಿಂಗಳಾದಮೇಲೆ ಮತ್ತೆ ದುರ್ಬೀನು ಹಾಕಿ ಹುಣ್ಣು ಮಾಯುತ್ತಿದೆಯೇ ಎಂದು ನೋಡುವುದು ಆ ಪದ್ಧತಿಯ ಅಂಗವೇ ಆಗಿದೆ. ಇವನ ವಿಷಯದಲ್ಲಿ ನಗರದ ಒಂದು ಆಸ್ಪತ್ರೆ ಆ ಎರಡನೆಯ ನೋಟವನ್ನೇ ಕೈಬಿಟ್ಟು ಒಂಬತ್ತು ತಿಂಗಳು ಮಾತ್ರೆ ನುಂಗಿಸಿತು. ಮಂಜೂರು ಮಾಡಿದ ಸಾಲವನ್ನು ಪರಿಶೀಲಿಸದೆ ಅವಧಿ ವಿಸ್ತರಿಸುತ್ತ ಹೋದರೆ ನಮ್ಮಲ್ಲಿ ವಿಚಾರಣೆಯಾಗುತ್ತದೆ.

ವೈದ್ಯರ ಬಳಿಗೆ ಹೋಗಲು ಎಂಥ ಲಕ್ಷಣಗಳು ಸಾಕೆಂದು ಹಲವರು ಕೇಳಿದ್ದಾರೆ. ನಾಲ್ಕು ವಾರ ಕಳೆದರೂ ನಿಲ್ಲದ ಅಥವಾ ಮತ್ತೆ ಮತ್ತೆ ಮರುಕಳಿಸುವ ಭೇದಿ, ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವಂಥ ಹೊಟ್ಟೆನೋವು ಅಥವಾ ಶೌಚದ ಅವಸರ, ಕಾರಣವಿಲ್ಲದ ಜ್ವರ, ಇಳಿಯುವ ತೂಕ, ಕಬ್ಬಿಣದ ಔಷಧಿ ಕೊಟ್ಟರೂ ಏರದ ರಕ್ತ, ಪದೇ ಪದೇ ಬಾಯಿಹುಣ್ಣು, ಕೀಲುನೋವು, ಗುದದ ಬಳಿ ಗಂಟು ಅಥವಾ ಕೀವು. ನೆಪ ಹೂಡುವ ಮಗು ರಾತ್ರಿ ಎರಡು ಗಂಟೆಗೆ ಎದ್ದು ಶೌಚಕ್ಕೆ ಓಡುವುದಿಲ್ಲವೆಂಬುದನ್ನು ತಂದೆತಾಯಿಗಳು ನೆನಪಿಡುವುದು ಒಳ್ಳೆಯದು. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ವಸ್ತುವಿನ ಪ್ರಮಾಣವನ್ನು ಅಳೆಯುವ ಪರೀಕ್ಷೆಯೊಂದಿದೆ; ಸೂಜಿ ಚುಚ್ಚದೆ ಕರುಳಿನ ಉರಿಯನ್ನು ಅಂದಾಜು ಮಾಡಲು ಅದು ಬಹಳ ಉಪಯುಕ್ತ. ರೋಗ ಯಾವುದೆಂದು ತೀರ್ಮಾನವಾಗಬೇಕಾದರೆ ಮಾತ್ರ ಅರಿವಳಿಕೆ ಕೊಟ್ಟು ಮೇಲಿನಿಂದಲೂ ಕೆಳಗಿನಿಂದಲೂ ದುರ್ಬೀನು ಹಾಕಿ, ಹಲವು ಕಡೆಯಿಂದ ಚೂರು ತೆಗೆದು ಪರೀಕ್ಷಿಸಲೇಬೇಕು. ಮಗುವಿಗೆ ಅಷ್ಟೆಲ್ಲ ಹಿಂಸೆ ಏಕೆಂದು ಹಿಂಜರಿಯುವವರುಂಟು. ಆ ಒಂದು ದಿನದ ಹಿಂಸೆಯನ್ನು ತಪ್ಪಿಸಲು ಹೋಗಿ ಒಂದು ವರ್ಷದ ಹಿಂಸೆಯನ್ನು ಕೊಡುತ್ತಾರೆ.

ಚಿಕಿತ್ಸೆಯಲ್ಲಿ ನನ್ನನ್ನು ಬೆರಗುಗೊಳಿಸಿದುದು ಮೊದಲನೆಯದೇ. ಮಕ್ಕಳ ಕ್ರೋನ್ ಕಾಯಿಲೆಗೆ ಆರರಿಂದ ಎಂಟು ವಾರ ಬೇರೆ ಊಟವನ್ನೆಲ್ಲ ನಿಲ್ಲಿಸಿ, ಪೂರ್ಣ ಪೋಷಣೆಯಿರುವ ದ್ರವಾಹಾರವೊಂದನ್ನೇ ಕೊಡುತ್ತಾರೆ. ಹತ್ತರಲ್ಲಿ ಎಂಟರಷ್ಟು ಮಕ್ಕಳಲ್ಲಿ ಇದರಿಂದಲೇ ಕಾಯಿಲೆ ಹತೋಟಿಗೆ ಬರುತ್ತದೆ. ಸ್ಟೀರಾಯ್ಡಿಗಿಂತ ಮೊದಲು ಇದನ್ನೇ ಆರಿಸಬೇಕೆಂದು ಯುರೋಪಿನ ತಜ್ಞಮಂಡಳಿಗಳು 2014ರಲ್ಲಿ ಮಾರ್ಗಸೂಚಿ ಹೊರಡಿಸಿದವು. ಆದರೆ ನಮ್ಮ ಮನೆಗಳಲ್ಲಿ ಮಗುವಿಗೆ ಎಂಟು ವಾರ ಅನ್ನ ಹಾಕಬೇಡವೆಂದರೆ ಏನಾಗುತ್ತದೆಂದು ಊಹಿಸಿರಿ. ಮೂರನೆಯ ದಿನವೇ ಒಂದು ತುತ್ತು ಮೊಸರನ್ನ ಗುಟ್ಟಾಗಿ ಬಾಯಿಗೆ ಬೀಳುತ್ತದೆ. ಪ್ರೀತಿಯಿಂದ ಕೊಟ್ಟ ಆ ತುತ್ತುಗಳಿಂದ ಚಿಕಿತ್ಸೆ ಕೆಡುತ್ತದೆ. ತಂಗಿಯ ಮನೆಯಲ್ಲಿ ಆ ಎಂಟು ವಾರ ಅವನೆದುರಿಗೆ ಒಗ್ಗರಣೆಯ ವಾಸನೆ ಬರಬಾರದೆಂದು ದೊಡ್ಡವರು ಅಡಿಗೆಯನ್ನೇ ಮೊಟಕು ಮಾಡಿಕೊಂಡರು.

ಸ್ಟೀರಾಯ್ಡ್ ಬೆಂಕಿ ಆರಿಸುವ ನೀರಿನಂತೆ. ಮನೆಯಲ್ಲಿ ದಿನವೂ ನೀರು ಸುರಿಯುತ್ತಿರಲಾಗದು. ದೀರ್ಘಕಾಲ ಕೊಟ್ಟರೆ ಮುಖ ಊದಿಕೊಳ್ಳುತ್ತದೆ, ಎಲುಬು ಸವೆಯುತ್ತದೆ, ಬೆಳವಣಿಗೆಯೂ ನಿಲ್ಲುತ್ತದೆ. ತಟ್ಟನೆ ನಿಲ್ಲಿಸಿದರೂ ಅಪಾಯವೇ. ಹಳೆಯ ಚೀಟಿಯನ್ನು ತೋರಿಸಿ ಅಂಗಡಿಯಿಂದ ತಾವೇ ಕೊಂಡು ಕೊಡುವುದಂತೂ ಅಪರಾಧಕ್ಕೆ ಸಮಾನ. ಹತೋಟಿಯನ್ನು ಉಳಿಸಿಕೊಳ್ಳಲು ಕೊಲೈಟಿಸಿಗೆ ಮೆಸಲಮಿನ್, ಬೇರೆ ಸಂದರ್ಭಗಳಲ್ಲಿ ಅಜಥಯೊಪ್ರಿನ್, ಮೆಥೊಟ್ರೆಕ್ಸೇಟ್ ಮುಂತಾದುವಿವೆ. ಭಾರತೀಯರಲ್ಲಿ ಕೆಲವರಿಗೆ ಎನ್‌ಯುಡಿಟಿ 15 ಎಂಬ ವಂಶವಾಹಿಯ ವ್ಯತ್ಯಾಸದಿಂದಾಗಿ ಅಜಥಯೊಪ್ರಿನ್ ಬಿಳಿಯ ರಕ್ತಕಣಗಳನ್ನು ಹಠಾತ್ತಾಗಿ ಕುಗ್ಗಿಸಬಹುದು. ಆದುದರಿಂದ ಅದಕ್ಕೆ ಮೊದಲು ಪರೀಕ್ಷೆಯ ವಿಷಯವನ್ನು ವೈದ್ಯರಲ್ಲಿ ಕೇಳಬಹುದು. ರಕ್ತದ ಎಣಿಕೆಯನ್ನಂತೂ ತಪ್ಪಿಸಬಾರದು. ಬಾಕಿಯಿರುವ ಲಸಿಕೆಗಳ ಪಟ್ಟಿಯನ್ನೂ ಇಂಥ ಔಷಧಿ ಆರಂಭಿಸುವ ಮೊದಲೇ ವೈದ್ಯರಿಗೆ ತೋರಿಸಬೇಕು. ಸೀತಾಳೆ ಸಿಡುಬು, ದಡಾರಗಳ ಜೀವಂತ ಲಸಿಕೆಗಳನ್ನು ಆಮೇಲೆ ಕೊಡಲಾಗುವುದಿಲ್ಲ.

ಇನ್‌ಫ್ಲಿಕ್ಸಿಮ್ಯಾಬ್ ಎಂಬ ಜೈವಿಕ ಔಷಧಿಗೆ ಅಮೆರಿಕದಲ್ಲಿ 1998ರಲ್ಲಿ ಕ್ರೋನ್ ಕಾಯಿಲೆಗಾಗಿ, 2006ರಲ್ಲಿ ಮಕ್ಕಳಿಗಾಗಿ ಒಪ್ಪಿಗೆ ದೊರೆಯಿತು. ಹರೆಯ ಕಳೆಯುವ ಮೊದಲೇ ಕೊಟ್ಟಲ್ಲಿ ನಿಂತಿದ್ದ ಬೆಳವಣಿಗೆ ಮತ್ತೆ ಆರಂಭವಾಗುವುದುಂಟು. ಕೊಡುವ ಮೊದಲು ಅಡಗಿರುವ ಕ್ಷಯವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬೆಲೆಯೇ ದೊಡ್ಡ ಅಡ್ಡಿ. ಇದೇ ಗುಂಪಿನ ಅಡಲಿಮುಮ್ಯಾಬ್ ಔಷಧಿಯ ಸಮಾನ ರೂಪವನ್ನು ಅಹಮದಾಬಾದಿನ ಜೈಡಸ್ ಸಂಸ್ಥೆ 2014ರ ಡಿಸೆಂಬರಿನಲ್ಲಿ ಮೂಲ ಔಷಧಿಗಿಂತ ಬಹಳ ಕಡಿಮೆ ಬೆಲೆಗೆ ಬಿಡುಗಡೆ ಮಾಡಿದಮೇಲೆ ಮಧ್ಯಮವರ್ಗದವರು ಕೇಳಿ ನೋಡುವಷ್ಟಾದರೂ ಸಾಧ್ಯವಾಗಿದೆ. ಹುಡುಗ ಈಗ ಹದಿನೈದು ದಿನಕ್ಕೊಮ್ಮೆ ಅದನ್ನು ತಾನೇ ಚುಚ್ಚಿಕೊಳ್ಳುತ್ತಾನೆ. ಆರಂಭಿಸಿದ ಮೊದಲ ವರ್ಷ 8 ಸೆಂಟಿಮೀಟರು ಬೆಳೆದ. ಆದರೂ ಸಾಲಿನಲ್ಲಿ ನಿಂತರೆ ಓರಗೆಯವರ ಕಿವಿಯವರೆಗೆ ಬರುತ್ತಾನೆ. ಆ ಎರಡೂವರೆ ವರ್ಷದ ಬಾಕಿ ಪೂರ್ತಿ ವಸೂಲಾಗುವ ಹಾಗೆ ಕಾಣುವುದಿಲ್ಲ.

ಹಣ ಹೊಂದಿಸಿದಮೇಲೂ ಒಂದು ಅಡ್ಡಿ ಉಳಿಯುತ್ತದೆ, ಅದು ಸಂಕೋಚ. ಹೃದಯದ ಕಾಯಿಲೆಯನ್ನು ಹೇಳಿಕೊಳ್ಳುವಂತೆ ಮಲದ ಕಾಯಿಲೆಯನ್ನು ಹೇಳಿಕೊಳ್ಳಲಾಗುವುದಿಲ್ಲ. ಅದರಲ್ಲಿಯೂ ಹೆಣ್ಣುಮಗುವಾದರೆ ನಾಳೆ ಸಂಬಂಧ ಕುದುರುವುದಿಲ್ಲವೆಂದು ಅಣ್ಣತಮ್ಮಂದಿರಿಗೂ ತಿಳಿಸದೆ ಮುಚ್ಚಿಡುತ್ತಾರೆ. ಮುಚ್ಚಿಟ್ಟ ಕಾಯಿಲೆಗೆ ಔಷಧಿಯೂ ಮುಚ್ಚಿಟ್ಟೇ ಆಗಬೇಕು. ನೆಂಟರ ಮನೆಯ ಮದುವೆಯಲ್ಲಿ ನಾಲ್ಕು ದಿನ ಮಾತ್ರೆ ತಪ್ಪುತ್ತದೆ. ಶಾಲೆಗೆ ತಿಳಿಸದಿದ್ದರೆ ಪಾಠದ ನಡುವೆ ಎದ್ದು ಹೋಗಲು ಅಪ್ಪಣೆ ಸಿಗದು. ಇಂಥ ಎಷ್ಟೋ ಮಕ್ಕಳು ಶಾಲೆಯ ದಿನ ಬೆಳಿಗ್ಗೆ ಏನನ್ನೂ ತಿನ್ನದೆ ಹೊರಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ತರಗತಿಯ ಶಿಕ್ಷಕರಿಗೆ ವೈದ್ಯರ ಪತ್ರ ಕೊಟ್ಟು, ಬಾಗಿಲ ಬಳಿಯ ಬೆಂಚು ಕೇಳಿಕೊಳ್ಳುವುದರಲ್ಲಿ ಯಾವ ಅವಮಾನವೂ ಇಲ್ಲ.

ನಮ್ಮಂಥ ನೌಕರರಿಗೆ ಮತ್ತೂ ಒಂದು ತೊಡಕು ವರ್ಗಾವಣೆ. ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಎಂಬ ನಮ್ಮ ಕಡೆಯ ಬ್ಯಾಂಕುಗಳ ಹೆಸರುಗಳೇ 2019 ಮತ್ತು 2020ರ ವಿಲೀನಗಳಲ್ಲಿ ಕರಗಿಹೋದವು. ವರ್ಗಾವಣೆ ಮಾತ್ರ ಕರಗಲಿಲ್ಲ. ಪುಣೆಯಲ್ಲಿ ಆರಂಭವಾದ ಹೊಟ್ಟೆನೋವನ್ನು ಹೈದರಾಬಾದಿನ ವೈದ್ಯರು ಹೊಸದೆಂದೇ ತಿಳಿದು ಚಿಕಿತ್ಸೆ ಮಾಡುತ್ತಾರೆ. ಪಾತ್ರೆ ಪಡಗಗಳ ಪಟ್ಟಿ ಮಾಡುವವರು ಮಗುವಿನ ಎತ್ತರ ತೂಕದ ಚೀಟಿಯನ್ನೂ, ದುರ್ಬೀನಿನ ವರದಿಯನ್ನೂ, ತೆಗೆದ ಚೂರುಗಳ ಗಾಜಿನ ಪಟ್ಟಿಗಳನ್ನೂ ಕೈಚೀಲದಲ್ಲಿಯೇ ಇಟ್ಟುಕೊಂಡು ಹೊರಡಬೇಕು. ವಿಮೆಯ ವಿಷಯದಲ್ಲಿ ಒಂದು ಮಾತು: ಮೊದಲೇ ಇದ್ದ ಕಾಯಿಲೆಗಾಗಿ ಕಾಯಿಸುವ ಗರಿಷ್ಠ ಅವಧಿಯನ್ನು ನಿಯಂತ್ರಣ ಪ್ರಾಧಿಕಾರ 2024ರಲ್ಲಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿದೆ. ಕಾಯಿಲೆಯನ್ನು ಅರ್ಜಿಯಲ್ಲಿ ಮರೆಮಾಚಿದರೆ ಆ ಸೌಲಭ್ಯವೂ ಕೈತಪ್ಪುತ್ತದೆ.

ಇಂಥ ಅಪರೂಪದ ಕಾಯಿಲೆಯನ್ನು ಹೇಳಿ ತಂದೆತಾಯಿಗಳನ್ನು ಹೆದರಿಸುವುದೇಕೆ ಎಂದು ಕಾರ್ಯಕಾರಿ ಸಮಿತಿಯ ಹಿರಿಯರೊಬ್ಬರು ಕೇಳಿದರು. ಅಪರೂಪವೆಂಬುದು ನಿಜ. ಹೊಟ್ಟೆನೋವೆನ್ನುವ ನೂರು ಮಕ್ಕಳಲ್ಲಿ ಹೆಚ್ಚಿನವರಿಗೆ ಇದು ಇರಲಾರದು. ಆದರೆ ಎತ್ತರವನ್ನು ಅಳೆಯುವುದರಿಂದ ಯಾರಿಗೂ ನಷ್ಟವಿಲ್ಲ. ಬೆಳವಣಿಗೆ ಕುಂಠಿತವಾಗುವುದಕ್ಕೆ ಥೈರಾಯ್ಡ್, ಗೋಧಿ ಒಗ್ಗದಿರುವ ಸೀಲಿಯಾಕ್ ರೋಗ, ಮೂತ್ರಪಿಂಡದ ತೊಂದರೆ ಎಂದು ಬೇರೆ ಕಾರಣಗಳೂ ಇವೆ. ಅಳತೆಗೋಲು ಅವೆಲ್ಲವನ್ನೂ ಒಟ್ಟಿಗೇ ಹಿಡಿಯುತ್ತದೆ.

ನಮ್ಮ ಸಂಘವು ವರ್ಷವರ್ಷವೂ ಪ್ರತಿಭಾ ಪುರಸ್ಕಾರದ ದಿನ ಮಕ್ಕಳ ಅಂಕಪಟ್ಟಿಗಳನ್ನು ತರಿಸಿಕೊಳ್ಳುತ್ತದೆ. ಶೇಕಡ 85 ಬಂದವರಿಗೆ ಫಲಕ, ಉಳಿದವರಿಗೆ ಟಿಪ್ಪಣಿ ಪುಸ್ತಕ. ಅಂದು ಸಭಾಂಗಣದ ಬಾಗಿಲಲ್ಲಿ ಗೋಡೆಗೊಂದು ಅಳತೆಪಟ್ಟಿ, ಕೆಳಗೊಂದು ತೂಕದ ಯಂತ್ರ ಇಟ್ಟು, ಬಂದ ಪ್ರತಿಯೊಂದು ಮಗುವಿನ ಎತ್ತರ ತೂಕಗಳನ್ನು ಒಂದು ರಿಜಿಸ್ಟರಿನಲ್ಲಿ ಬರೆದಿಟ್ಟುಕೊಳ್ಳಬೇಕೆಂದು ಸೂಚಿಸುತ್ತೇನೆ. ಮರುವರ್ಷ ಅದೇ ದಿನ ಕಳೆದು ನೋಡೋಣ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯು ಐದರಿಂದ ಹದಿನೆಂಟು ವರ್ಷದವರಿಗಾಗಿ 2015ರಲ್ಲಿ ಸಿದ್ಧಪಡಿಸಿದ ಬೆಳವಣಿಗೆಯ ನಕ್ಷೆಗಳಿವೆ. ನಮ್ಮ ಸದಸ್ಯರಲ್ಲಿಯೇ ಇರುವ ವೈದ್ಯರು ಅವುಗಳ ಮೇಲೆ ಚುಕ್ಕೆಯಿಡಲು ಒಪ್ಪಿದ್ದಾರೆ. ತೂಕದ ಯಂತ್ರವನ್ನು ನಾನು ಕೊಡುತ್ತೇನೆ. ರಿಜಿಸ್ಟರು ಬರೆಯಲು ಇಬ್ಬರು ಬೇಕಾಗಿದ್ದಾರೆ. ಆಸಕ್ತರು ಸಂಘದ ಕಾರ್ಯದರ್ಶಿಯವರಲ್ಲಿ ಹೆಸರು ಕೊಡಬಹುದು.